ಪಿಳ್ಳಪ್ಪನ ಕಣ್ಣು

ಆರು ಕಾಲಿನ ತಪಾಸಣಾ ಯಂತ್ರ ನೋಟಕ ವಿಮಾನದ ರೆಕ್ಕೆಯ ಮೇಲೆ ಸರಸರನೆ ಹರಿದು, ಆಗಷ್ಟೇ ಬಡಿದ ರಿವೆಟ್ ಮೊಳೆಗಳ ಬಳಿ ನಿಂತಿತು. ಹಸಿರು ದೀಪ ಹತ್ತಿತು. ಕೆಲಸ ಪಾಸು.

"ನನ್ನ ಹೊಟ್ಟೆ ಮೇಲೆ ಹೊಡೆಯೋಕೆ ನಾನೇ ಪಾಠ ಹೇಳ್ಕೊಟ್ಟೆ ನೋಡಿ ಮೇಡಂ," ಎಂದ ಪಿಳ್ಳಪ್ಪ, ಅದನ್ನು ರೂಪಿಸಿದ ವಿಜ್ಞಾನಿ ಶರ್ವಾಣಿಗೆ.

ಅದು ನಿಜವೇ. ಬೆಂಗಳೂರಿನ ಆ ಹ್ಯಾಂಗರಿನಲ್ಲಿ ಮೂವತ್ತು ವರ್ಷ ರಿಪೇರಿ ಪರೀಕ್ಷಿಸಿದ್ದ ಪಿಳ್ಳಪ್ಪ ಸಹಿ ಹಾಕಿದ ವಿಮಾನ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಶರ್ವಾಣಿ ಅವನಿಗೆ ಒಂದು ವರ್ಷ ದೃಷ್ಟಿಗ್ರಾಹಕವೆಂಬ ಕನ್ನಡಕ ತೊಡಿಸಿದ್ದಳು. ಅವನು ಏನನ್ನು ನೋಡಿ ಒಪ್ಪಿದ, ಏನನ್ನು ನೋಡಿ ತಿರಸ್ಕರಿಸಿದ ಎಂಬುದನ್ನೆಲ್ಲ ನೋಟಕ ಕಲಿತುಕೊಂಡಿತು. ಯಾಕೆ ಎಂದು ಯಾರೂ ಕೇಳಲಿಲ್ಲ.

ನುರಿತ ಕಣ್ಣೇ ಪೆಟ್ಟಿಗೆಯೊಳಗೆ ಸಾಗುವಾಗ ಇಲ್ಲಿ ಜನವೇಕೆ? ಕಂಪನಿ ಅಂಥದೇ ನೋಟಕವನ್ನೂ ವಿಮಾನಗಳನ್ನೂ ಸಮುದ್ರದಾಚೆಯ ಅಗ್ಗದ ಗುತ್ತಿಗೆ ಶೆಡ್ಡಿಗೆ ಕಳಿಸತೊಡಗಿತು. ಹ್ಯಾಂಗರಿಗೆ ಬೀಗ, ತೊಂಬತ್ತು ಜನರಿಗೆ ವಿದಾಯ ಎಂದು ಘೋಷಿಸಿತು. ಯೂನಿಯನ್ ಅಧ್ಯಕ್ಷನೂ ಆಗಿದ್ದ ಪಿಳ್ಳಪ್ಪನ ಮನವಿಗೆ ಸಿಕ್ಕಿದ್ದು ಮೂರು ವಾರದ ಗಡುವು.

ಎರಡನೇ ವಾರ ಶರ್ವಾಣಿ ಓಡಿ ಬಂದಳು. "ಪಿಳ್ಳಪ್ಪನವರೇ, ಆ ಗುತ್ತಿಗೆ ಶೆಡ್ಡಲ್ಲಿ ನೋಟಕ ಒಂದು ವಿಮಾನಾನೂ ಪಾಸ್ ಮಾಡ್ತಿಲ್ಲ. ಬರೀ ಕೆಂಪು ದೀಪ! ಏನು ಕಲಿಸಿದ್ರಿ ಅದಕ್ಕೆ?"

"ನಂಗೇನು ಗೊತ್ತಮ್ಮ? ಚಿತ್ರ ತೋರ್ಸಿ."

ಪರದೆಯ ಮೇಲೆ ಕೆಲಸಗಾರನೊಬ್ಬ ರಿವೆಟ್ ಬಡಿಯುತ್ತಿದ್ದ. ಪಿಳ್ಳಪ್ಪ ರಿವೆಟ್ಟಿನತ್ತ ನೋಡಲೇ ಇಲ್ಲ.

"ಇವನು ಡ್ಯೂಟಿಗೆ ಬಂದು ಎಷ್ಟೊತ್ತಾಯ್ತು?"

"ಹದಿನಾಲ್ಕು ಗಂಟೆ."

"ಮಣಿಕಟ್ಟು ಹೆಂಗೆ ಜೋತುಬಿದ್ದೈತೆ ನೋಡಿ. ಇಂಥ ಕೈ ಮಾಡಿದ ಕೆಲಸಕ್ಕೆ ನಾನು ಯಾವತ್ತೂ ಸಹಿ ಹಾಕಿಲ್ಲ. ಟೀ ಕುಡಿಸಿ ಮನೆಗೆ ಕಳಿಸ್ತಿದ್ದೆ."

ಶರ್ವಾಣಿ ಹಣೆ ಚಚ್ಚಿಕೊಂಡಳು. "ಅಂದ್ರೆ ಒಂದು ವರ್ಷ ನೀವು ರಿವೆಟ್ ನೋಡ್ತಿರಲಿಲ್ವಾ?"

"ಅದೂ ನೋಡ್ತಿದ್ದೆ. ಕೈ ನೋಡಿದ ಮೇಲೆ."

ವಿಧಿಯಿಲ್ಲದೆ ಗುತ್ತಿಗೆದಾರ ಎಂಟೆಂಟು ಗಂಟೆಯ ಪಾಳಿ ಮಾಡಿದ. ಅಲ್ಲಿ ದೀಪ ಹಸಿರಾಯಿತು, ಜನ ಕಣ್ತುಂಬ ನಿದ್ದೆ ಮಾಡಿದರು. ಆದರೆ ದುಪ್ಪಟ್ಟು ಕೈಗಳು ಬೇಕಾದಾಗ ಅಗ್ಗವೆಂಬ ಮಾತು ಗಾಳಿಗೆ ಹಾರಿಹೋಯಿತು. ಕಂಪನಿಯವರು ಪಿಳ್ಳಪ್ಪನನ್ನು ಮಾತುಕತೆಗೆ ಕರೆದರು. ಮೂರು ಹಗಲು, ಮೂರು ರಾತ್ರಿ ಹಗ್ಗಜಗ್ಗಾಟ ನಡೆದು ಹ್ಯಾಂಗರು ಉಳಿಯಿತು.

ಸಭೆಯಿಂದ ನೇರವಾಗಿ ಕೆಲಸಕ್ಕೆ ಬಂದ ಪಿಳ್ಳಪ್ಪ, ಗೆದ್ದ ಹುಮ್ಮಸ್ಸಿನಲ್ಲಿ ತಾನೇ ಹತ್ತು ರಿವೆಟ್ ಬಡಿದು ಹಿಂದೆ ಸರಿದ. ನೋಟಕ ಬಂದು ಅವನ ಕೈಯತ್ತ ತಿರುಗಿ ನಿಂತಿತು.

ಕೆಂಪು.

ತೊಂಬತ್ತು ಜನ ಕತ್ತು ಚಾಚಿ ದೀಪ ನೋಡಿದರು. ಆಮೇಲೆ ಯಾರೋ ಕೂಗಿದರು: "ಅಧ್ಯಕ್ಷರೇ, ಟೀ ಕುಡಿದು ನಡೀರಿ ಮನೆಗೆ!"

ವಾದಕ್ಕೆಂದು ಪಿಳ್ಳಪ್ಪ ಬಾಯಿ ತೆರೆದ. ಬಂದದ್ದು ಆಕಳಿಕೆ.