ಹನ್ನೊಂದನೇ ನಂಬರಿನ ಮಣಿ

"ಇದು ಹನ್ನೊಂದನೇ ನಂಬರಾ? ನೀವೇ ನೋಡಿ ಹೇಳಿ."

ಪುಟ್ಟಿ ಪ್ಯಾಕೆಟ್ಟನ್ನು ಕೌಂಟರಿನ ಮೇಲೆ ಕುಕ್ಕಿದಳು. ಒಳಗಿದ್ದ ಗಾಜಿನ ಮಣಿಗಳು ಝಲ್ಲೆಂದವು.

ಅಂಗಡಿಯವನು ತಲೆಯೆತ್ತಿದ. ಯಾರು ಬಂದಿದ್ದಾರೆಂದು ನೋಡುವ ಮೊದಲೇ ಗೊತ್ತಿದ್ದವನ ಹಾಗೆ, ಸ್ವಲ್ಪವೂ ಅವಸರವಿಲ್ಲದೆ. ಬಿಳಿ ತಟ್ಟೆಗೆ ಒಂದು ಚಿಟಿಕೆ ಮಣಿ ಸುರಿದ. ಚಿಮಟದಿಂದ ಒಂದನ್ನು ಎತ್ತಿ ಕ್ಯಾಲಿಪರಿನ ಬಾಯಿಗೆ ಕೊಟ್ಟು ಅಳೆದ. ಇನ್ನೊಂದು. ಮತ್ತೊಂದು.

"ಎಷ್ಟು ಬಂತು?"

ಅವನು ಕ್ಯಾಲಿಪರನ್ನು ಪಕ್ಕಕ್ಕಿಟ್ಟ. "ಬದಲಾಯಿಸಿ ಕೊಡ್ತೀನಿ ಮೇಡಂ."

"ಬದಲಾಯಿಸೋದು ಆಮೇಲೆ. ಹತ್ತನೇ ನಂಬರ್ ಬೆರೆತಿದೆ ಅಂತ ಮೊದಲು ಒಪ್ಕೊಳ್ಳಿ."

"ಬೇರೆ ಪ್ಯಾಕೆಟ್ ಕೊಡ್ತೀನಿ."

ಅವಳ ಪಿತ್ತ ನೆತ್ತಿಗೇರಿದ್ದು ಇದಕ್ಕೇ. ಜಗಳ ಮಾಡಲೆಂದೇ ನಾಲ್ಕು ಬೀದಿ ನಡೆದು ಬಂದವಳಿಗೆ ಜಗಳವೇ ಸಿಗದಿದ್ದರೆ ಆ ಸಿಟ್ಟನ್ನು ಎಲ್ಲಿ ಇಳಿಸಬೇಕು?

ಮಣಿಗಳ ಲೆಕ್ಕ ತಲೆಕೆಳಗು. ನಂಬರ್ ದೊಡ್ಡದಾದಷ್ಟೂ ಮಣಿ ಚಿಕ್ಕದು. ಹತ್ತಕ್ಕೂ ಹನ್ನೊಂದಕ್ಕೂ ಇರುವ ವ್ಯತ್ಯಾಸ ಕೂದಲೆಳೆಯಷ್ಟು. ಆದರೆ ಪುಟ್ಟಿ ಹೆಣೆಯುವ ಕೊರಳಪಟ್ಟಿಯಲ್ಲಿ ಮಣಿಗಳು ಇಟ್ಟಿಗೆ ಗೋಡೆಯ ಹಾಗೆ ಒಂದರ ಸಂದಿಗೆ ಇನ್ನೊಂದು ಕೂರಬೇಕು. ನಾಲ್ಕು ದಪ್ಪ ಮಣಿ ಸೇರಿಕೊಂಡರೂ ಸಾಕು, ಪಟ್ಟಿ ಸೊಟ್ಟಗಾಗುತ್ತದೆ. ಆರು ತಿಂಗಳಿಂದ ಅವಳ ಪಟ್ಟಿಗಳೆಲ್ಲ ಸೊಟ್ಟಗಾಗುತ್ತಿದ್ದವು. ಹೆಣೆದದ್ದನ್ನೇ ಬಿಚ್ಚಿ, ಬಿಚ್ಚಿದ್ದನ್ನೇ ಹೆಣೆದು ಅವಳಿಗೆ ಸಾಕುಸಾಕಾಗಿತ್ತು.

"ಹನ್ನೆರಡನೇ ನಂಬರ್ ಸೂಜಿನೂ ಎರಡು ಕೊಡಿ," ಎಂದಳು.

ಅವನು ಸೂಜಿ ಕೊಟ್ಟ. ಒಂದು ಕ್ಷಣ ತಡೆದು, ಡ್ರಾಯರಿನಿಂದ ಇನ್ನೊಂದು ಪುಟ್ಟ ಡಬ್ಬಿ ತೆಗೆದು ಪಕ್ಕದಲ್ಲಿಟ್ಟ. "ಇದು ಹೊಸದಾಗಿ ಬಂದಿದೆ. ಕಣ್ಣು ದೊಡ್ಡದು. ದಾರ ಸುಲಭವಾಗಿ ಹೋಗುತ್ತೆ."

"ಅದು ಕಲಿಯೋಕೆ ಬಂದವರಿಗೆ ಕೊಡೋ ಸೂಜಿ. ನಾನು ಹದಿನೆಂಟು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ."

"ಗೊತ್ತು."

"ಗೊತ್ತಿದ್ದೂ ಕೊಡ್ತೀರಾ?"

ಅವನು ಡಬ್ಬಿಯನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡ. ಕಿವಿ ಕೆಂಪಾಗಿತ್ತು. ಅದನ್ನು ನೋಡಿ ಅವಳಿಗೆ ಗೆದ್ದ ಖುಷಿಯಾಗಬೇಕಿತ್ತು. ಆಗಲಿಲ್ಲ.

ಮನೆಯಲ್ಲಿ ಅಕ್ಕ ಬಟ್ಟೆ ಮಡಚುತ್ತ ಕೂತಿದ್ದಳು. ಮನೆ ಅಕ್ಕನದು. ಮಹಡಿ ಮೇಲಿನ ಕೋಣೆ ಮತ್ತು ಕಿಟಕಿ ಪಕ್ಕದ ಮೇಜು ಪುಟ್ಟಿಯದು. ವಯಸ್ಸು ನಲವತ್ತನಾಲ್ಕಾದರೂ ಅಕ್ಕನ ಬಾಯಲ್ಲಿ ಅವಳು ಇನ್ನೂ ಪುಟ್ಟಿಯೇ.

"ಇವತ್ತು ತಕ್ಕಡಿ ಏನಂದ?" ಎಂದಳು ಅಕ್ಕ.

ತಕ್ಕಡಿ ಎಂದರೆ ಆ ಅಂಗಡಿಯವನು. ಐದು ಗ್ರಾಂ ಮಣಿ ಕೇಳಿದರೆ ಉಸಿರು ಬಿಗಿಹಿಡಿದು, ಒಂದೊಂದೇ ಮಣಿ ಉದುರಿಸಿ ತೂಗುವವನಿಗೆ ಪುಟ್ಟಿಯೇ ಇಟ್ಟ ಹೆಸರು.

"ಏನೂ ಅನ್ನಲ್ಲ! ಅದೇ ಅವನ ರೋಗ. ಗೋಡೆಗೆ ಬೈದ ಹಾಗೆ."

"ಇನ್ನೂ ಮೂರು ಮಣಿ ಅಂಗಡಿ ಇದೆಯಲ್ಲೇ. ಅಲ್ಲಿಗೆ ಹೋಗು."

"ಅಲ್ಲಿ ಬಣ್ಣ ಚೆನ್ನಾಗಿರಲ್ಲ."

"ಹೂಂ, ಬಣ್ಣ," ಎಂದು ಅಕ್ಕ ಒಂದು ದಿಂಬಿನ ಕವರನ್ನು ಮುಖಕ್ಕೆ ಅಡ್ಡ ಹಿಡಿದು ಮಡಚಿದಳು. ನಗು ಮುಚ್ಚಿಕೊಳ್ಳುವುದಕ್ಕೆ ಅಷ್ಟು ಸಾಕಿತ್ತು.

ಅಕ್ಕನ ಮುಂದೆ ಪುಟ್ಟಿ ಹೇಳದೆ ಬಿಟ್ಟದ್ದು ಬಹಳವಿತ್ತು. ಅಂಗಡಿಯ ಬಾಗಿಲಲ್ಲಿ ನಿಂತಾಗ ಅವನು ಬಹಳ ಚೆಂದ ಕಾಣುತ್ತಿದ್ದ, ಬಾಗಿದ ಕತ್ತು, ಕಿವಿಯ ಹಿಂದಿನ ಮಚ್ಚೆ, ಬಣ್ಣಬಣ್ಣದ ಮಣಿ ತುಂಬಿದ ಕೊಳವೆಗಳ ಸಾಲಿನ ನಡುವೆ ಒಂದು ಮಾಸಿದ ಬಿಳಿ ಅಂಗಿ. ಹತ್ತಿರ ಹೋದಂತೆ ಅವನ ಮುಖ ಅಂಚು ಕರಗಿ ಮಂಜಾಗುತ್ತಿತ್ತು. ಎದೆ ಹೊಡೆದುಕೊಳ್ಳುವುದರಿಂದ ಹಾಗಾಗುತ್ತದೆ ಎಂದುಕೊಂಡಿದ್ದಳು. ಅದಕ್ಕೂ ಅವನ ಮೇಲೆಯೇ ಸಿಟ್ಟು ಬರುತ್ತಿತ್ತು. ಅವನ ಹೆಂಡತಿ ತೀರಿಕೊಂಡು ಏಳು ವರ್ಷವಾಗಿತ್ತು. ಅಷ್ಟು ವರ್ಷ ಒಂಟಿಯಾಗಿದ್ದವನು, ಎದುರಿಗೆ ನಿಂತವಳನ್ನು ಒಂದು ದಿನವಾದರೂ "ಊಟ ಆಯ್ತಾ" ಎಂದು ಕೇಳಬಾರದೇ?

ಆ ಸಲ ಅವಳ ಕೈಯಲ್ಲಿದ್ದದ್ದು ದೊಡ್ಡ ಕೆಲಸ. ವೇದಿಕೆ ಮೇಲೆ ಹಾಡುವವಳೊಬ್ಬಳಿಗೆ ನಾಲ್ಕು ಬೆರಳು ಅಗಲದ ಕೊರಳಪಟ್ಟಿ. ನಾಲ್ಕೂವರೆ ಸಾವಿರ ಮಣಿ. ನಡುವೆ ಕಡುನೀಲಿ, ಅಂಚಿಗೆ ಬರುತ್ತ ಬರುತ್ತ ತಿಳಿಯಾಗಿ ಕೊನೆಗೆ ಹಾಲುಬಿಳಿ. ಕಾರ್ಯಕ್ರಮ ಶನಿವಾರ ಸಂಜೆ. ಮಂಗಳವಾರ ಬೆಳಿಗ್ಗೆ ಹಾಡುಗಾರ್ತಿ ಅಳತೆ ನೋಡಲು ಬಂದಳು.

ಪಟ್ಟಿಯನ್ನು ಕೊರಳಿಗೆ ಸುತ್ತಿಕೊಂಡು ಕನ್ನಡಿಯ ಮುಂದೆ ನಿಂತವಳು ಮೊದಲು ನಕ್ಕಳು. ಆಮೇಲೆ ಕಿಟಕಿಯ ಬೆಳಕಿಗೆ ತಿರುಗಿದಳು. ನಗು ನಿಧಾನಕ್ಕೆ ಇಳಿಯಿತು.

"ಇಲ್ಲಿ ನಡುವೆ ಕಪ್ಪು ಚುಕ್ಕಿ ಚುಕ್ಕಿ ಇದೆಯಲ್ಲ. ಡಿಸೈನಾ?"

"ಕಪ್ಪಾ? ಎಲ್ಲಿ?"

"ಇಲ್ಲಿ. ಇಲ್ಲೂ. ಮತ್ತೆ ಈ ಕಡೆ ಸ್ವಲ್ಪ ಎದ್ದು ನಿಂತ ಹಾಗಿದೆ, ಕತ್ತಿಗೆ ಕೂರ್ತಿಲ್ಲ." ಒಳ್ಳೆಯ ಹೆಂಗಸು, ದನಿ ಏರಿಸಲಿಲ್ಲ. "ಶನಿವಾರ ಎರಡು ಗಂಟೆಯೊಳಗೆ ಸರಿ ಮಾಡೋಕಾಗುತ್ತಾ? ಆಗದಿದ್ರೆ ಈಗಲೇ ಹೇಳಿಬಿಡಿ, ಹಳೇ ಸರ ಒಂದಿದೆ, ಅದನ್ನೇ ಹಾಕ್ಕೋತೀನಿ."

ಹಳೇ ಸರ! ಹದಿನೆಂಟು ವರ್ಷದಲ್ಲಿ ಅವಳಿಗೆ ಯಾರೂ ಈ ಮಾತು ಹೇಳಿರಲಿಲ್ಲ.

ಪುಟ್ಟಿ ಚಪ್ಪಲಿ ಮೆಟ್ಟಿದವಳೇ ಅಂಗಡಿಗೆ ನುಗ್ಗಿದಳು. ಒಳಗೆ ಇಬ್ಬರು ಗಿರಾಕಿಗಳಿದ್ದರು. ಅವಳಿಗೆ ಅದ್ಯಾವುದೂ ಲೆಕ್ಕಕ್ಕಿರಲಿಲ್ಲ.

"ಕಡುನೀಲಿ ಕೇಳಿದ್ರೆ ಕಪ್ಪು ಬೆರೆಸಿ ಕೊಟ್ಟಿದ್ದೀರಿ! ಹನ್ನೊಂದು ಕೇಳಿದ್ರೆ ಹತ್ತು! ಕಣ್ಣು ಮುಚ್ಚಿಕೊಂಡು ತೂಗ್ತೀರಾ? ಶನಿವಾರಕ್ಕೆ ಕೊಡಬೇಕಿದ್ದ ಕೊರಳಪಟ್ಟಿ ಹಾಳಾಯ್ತು, ನನ್ನ ಹೆಸರೂ ಹಾಳಾಯ್ತು ನಿಮ್ಮಿಂದ!"

ಗಿರಾಕಿಗಳು ಪಟಪಟನೆ ಹೊರಗೆ ಹೋದರು. ಅವನು ಕೈಯಲ್ಲಿದ್ದ ಚಿಮಟವನ್ನು ಕೆಳಗಿಟ್ಟ.

"ಪ್ಯಾಕೆಟ್ ಸರಿಯಾಗೇ ಇತ್ತು," ಎಂದ.

"ಏನು?"

"ಸರಿಯಾಗೇ ಇತ್ತು ಮೇಡಂ. ಹೋದ ಸಲನೂ ಸರಿ ಇತ್ತು. ಅದರ ಹಿಂದಿನ ಸಲನೂ." ಅವನ ದನಿ ಏರಿತ್ತು. ಅವನೂ ಸಿಟ್ಟಾಗಬಲ್ಲ ಎನ್ನುವುದು ಅವಳಿಗೆ ಆಗಲೇ ಗೊತ್ತಾದದ್ದು. ಡ್ರಾಯರ್ ಎಳೆದು ಅವಳು ವಾಪಸ್ ಕೊಟ್ಟಿದ್ದ ಪ್ಯಾಕೆಟ್ಟುಗಳನ್ನೆಲ್ಲ ಕೌಂಟರಿನ ಮೇಲೆ ಸುರಿದ. "ಒಂದೊಂದನ್ನೂ ಅಳೆದಿದ್ದೀನಿ. ನಿಮಗೆ ಕೊಡೋ ಮೊದಲೂ ಅಳೀತಿದ್ದೆ. ತಪ್ಪು ಮಣೀಲಿಲ್ಲ."

"ಮತ್ತೆ ಎಲ್ಲಿದೆ?"

ಅವನು ಒಂದು ಪ್ಯಾಕೆಟ್ಟನ್ನು ಅವಳತ್ತ ತಿರುಗಿಸಿಟ್ಟ. ಪ್ಯಾಕೆಟ್ಟುಗಳ ಮೇಲೆ ಅವನ ಅಕ್ಷರ ಈಚೀಚೆಗೆ ದಪ್ಪ ಮಾರ್ಕರಿನಲ್ಲಿ, ಹೆಬ್ಬೆರಳಿನಷ್ಟು ದೊಡ್ಡದಾಗಿದ್ದುದನ್ನು ಅವಳು ಈಗ ಗಮನಿಸಿದಳು. ದೊಡ್ಡ ಕಣ್ಣಿನ ಸೂಜಿ ನೆನಪಾಯಿತು.

"ನನಗೆ ಕಣ್ಣು ಕಾಣಲ್ಲ ಅಂತಲಾ?"

"ಹತ್ತಿರದ್ದು ಸ್ವಲ್ಪ... ನೀವು ಪ್ಯಾಕೆಟ್ಟನ್ನ ಕೈ ಚಾಚಿ ಓದ್ತಿದ್ರಿ. ನಲವತ್ತು ದಾಟಿದ ಮೇಲೆ ಎಲ್ಲರಿಗೂ..."

"ಎಷ್ಟು ದಿನದಿಂದ ಗೊತ್ತು ನಿಮಗೆ?"

"ಆರು ತಿಂಗಳು."

"ಆರು ತಿಂಗಳು ನೋಡ್ತಾ ಕೂತಿದ್ರಾ? ನಾನು ಬಿಚ್ಚೋದು, ಹೆಣೆಯೋದು, ಇಲ್ಲಿ ಬಂದು ಕೂಗಾಡೋದು, ಎಲ್ಲ ನೋಡ್ತಾ? ಒಂದು ಮಾತು! ಒಂದೇ ಒಂದು ಮಾತು ಹೇಳಿದ್ರೆ ಇವತ್ತು ಆ ಪಟ್ಟಿ ಹಾಳಾಗ್ತಿರಲಿಲ್ಲ. ಕನಿಕರ ತೋರಿಸಿದ್ರಾ? ಯಾರು ಕೇಳಿದ್ರು ನಿಮ್ಮ ಕನಿಕರಾನ?"

ಅವನ ಉತ್ತರಕ್ಕೆ ಕಾಯದೆ ಅವಳು ಹೊರಬಿದ್ದಳು. ಬೀದಿಯ ಬಿಸಿಲಿನಲ್ಲಿ ದೂರದ ಬೋರ್ಡುಗಳೆಲ್ಲ ಅಕ್ಷರ ಅಕ್ಷರ ಸ್ಪಷ್ಟವಾಗಿ ಕಾಣುತ್ತಿದ್ದವು. ಅದೂ ಅವಳನ್ನು ಅಣಕಿಸಿದ ಹಾಗಾಯಿತು.

ಬುಧವಾರ ಕಣ್ಣಿನ ಡಾಕ್ಟರು ಐದೇ ನಿಮಿಷದಲ್ಲಿ ಚೀಟಿ ಬರೆದುಕೊಟ್ಟರು. ಓದುವ ಕನ್ನಡಕ, ಒಂದೂವರೆ ಪವರ್. "ಮತ್ತೇನಿಲ್ಲ," ಎಂದರು. ಅವಳಿಗೆ ಅಳು ಬಂತು. ದೊಡ್ಡ ಕಾಯಿಲೆ ಎಂದಿದ್ದರೆ ತಡೆದುಕೊಳ್ಳುತ್ತಿದ್ದಳೋ ಏನೋ. ಇಷ್ಟು ಚಿಕ್ಕ ವಿಷಯಕ್ಕೆ ಆರು ತಿಂಗಳು ಹೋಗಿತ್ತು.

ಸಂಜೆ ಕನ್ನಡಕ ಹಾಕಿಕೊಂಡು ಮೇಜಿನ ಮುಂದೆ ಕೂತಳು. ತಟ್ಟೆಯಲ್ಲಿ ಕಡುನೀಲಿಯ ನಡುವೆ ಹಿಂದಿನ ಕೆಲಸದಿಂದ ಉಳಿದ ಕಪ್ಪು ಮಣಿಗಳು, ಹನ್ನೊಂದರ ನಡುವೆ ಹತ್ತು. ಬೆರೆಸಿದ ಕೈ ಅವಳದೇ. ಪಟ್ಟಿಯನ್ನು ಕೈಗೆತ್ತಿಕೊಂಡು, ಹಲ್ಲು ಕಚ್ಚಿ, ನಡುವಿನ ದಾರಕ್ಕೆ ಕತ್ತರಿ ಹಾಕಿದಳು. ಅರ್ಧ ಪಟ್ಟಿ ಮಣಿಮಣಿಯಾಗಿ ಉದುರಿತು.

ಗುರುವಾರ ಅವನ ಅಂಗಡಿಗೆ ರಜೆ. ಬೆಳಿಗ್ಗೆ ಹತ್ತಕ್ಕೆ ಕೆಳಗೆ ಬಾಗಿಲು ಬಡಿದ ಸದ್ದಾಯಿತು. ಮೆಟ್ಟಿಲ ಮೇಲೆ ಅಕ್ಕನ ದನಿ ಕೇಳಿತು. "ಪುಟ್ಟೀ, ತಕ್ಕಡಿ... ಅಯ್ಯೋ, ಅಂಗಡಿಯವರು ಬಂದಿದ್ದಾರೆ ಕಣೇ."

ಅವನು ಕೋಣೆಯ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಮೂರು ಬಿಳಿ ತಟ್ಟೆ, ಒಂದು ಚಿಮಟ, ಕ್ಯಾಲಿಪರು. ಮುಖ ಶಾಲೆಗೆ ತಡವಾಗಿ ಬಂದ ಹುಡುಗನ ಹಾಗಿತ್ತು.

"ಬೈಯೋದಿದ್ರೆ ಬೈರಿ. ಮಣಿ ಬೇರ್ಪಡಿಸಿ ಕೊಡ್ತೀನಿ, ನೀವು ಹೆಣೀರಿ. ಇಲ್ಲದಿದ್ರೆ ಶನಿವಾರಕ್ಕೆ ಆಗಲ್ಲ."

ಬೇಡ ಎನ್ನಬೇಕೆಂದು ಅವಳಿಗೆ ಬಹಳ ಅನಿಸಿತು. ಆದರೆ ಆಗಲ್ಲ ಎನ್ನುವುದು ನಿಜವಾಗಿತ್ತು. ಕಾಲಿನಿಂದ ಒಂದು ಸ್ಟೂಲನ್ನು ಅವನತ್ತ ತಳ್ಳಿದಳು.

ಮಧ್ಯಾಹ್ನದವರೆಗೆ ಕೆಲಸವೇ ಕೆಲಸ. ಅವನು ಕಪ್ಪು ಒಂದು ತಟ್ಟೆಗೆ, ನೀಲಿ ಒಂದಕ್ಕೆ, ದಪ್ಪ ಮಣಿ ಇನ್ನೊಂದಕ್ಕೆ ಎತ್ತಿ ಹಾಕುತ್ತಿದ್ದ. ಟಕ್, ಟಕ್, ಟಕ್. ಅವಳು ಕಡುನೀಲಿಯನ್ನು ಸೂಜಿಯ ತುದಿಯಲ್ಲಿ ಎತ್ತಿ ಸಾಲಿಗೆ ಕೂರಿಸುತ್ತಿದ್ದಳು. ಕನ್ನಡಕದ ಮೇಲಿಂದ ಒಮ್ಮೆ ಅವನನ್ನು ನೋಡಿದಳು. ಅವನೂ ಅದೇ ಕ್ಷಣ ನೋಡಿದ. ಇಬ್ಬರೂ ತಟ್ಟೆಗೆ ತಲೆ ಬಗ್ಗಿಸಿದರು.

"ಯಾಕೆ ಹೇಳಲಿಲ್ಲ?" ಎಂದಳು ಕೊನೆಗೆ. "ಕನಿಕರ ಅಂತ ಮಾತ್ರ ಹೇಳಬೇಡಿ."

"ಕನಿಕರ ಅಲ್ಲ." ಅವನು ಚಿಮಟದ ಮಣಿಯನ್ನು ತಟ್ಟೆಗೆ ಹಾಕಿದ. "ಹೇಳಿದ್ರೆ ನಿಮಗೆ ಅವಮಾನ ಆಗಿ ಬೇರೆ ಅಂಗಡಿಗೆ ಹೋಗಿಬಿಡ್ತೀರಿ ಅನ್ನಿಸ್ತು. ಹೇಳದಿದ್ರೆ ಜಗಳಕ್ಕಾದ್ರೂ ಬರ್ತಿದ್ರಿ. ಮೊದಲು ತಿಂಗಳಿಗೊಂದು ಸಲ ಬರ್ತಿದ್ದವರು ವಾರಕ್ಕೆರಡು ಸಲ ಬರೋಕೆ ಶುರು ಮಾಡಿದ್ರಿ."

ಅವಳ ಸೂಜಿ ನಿಂತಿತು.

"ಅಂದ್ರೆ ನಿಮ್ಮ ಸ್ವಾರ್ಥಕ್ಕೆ ನನ್ನ ಕೆಲಸ ಹಾಳಾಯ್ತು."

"ಹೌದು."

ಸಮಜಾಯಿಷಿ ಹೇಳುತ್ತಾನೆಂದು ಕಾದಳು. ಹೇಳಲಿಲ್ಲ. ಆ ಒಂದು ಹೌದಿನ ಮುಂದೆ ಅವಳು ಕೂಡಿಟ್ಟಿದ್ದ ಬೈಗುಳಗಳಿಗೆ ಜಾಗವೇ ಉಳಿಯಲಿಲ್ಲ. ಅದೂ ಒಂದು ಕಿರಿಕಿರಿಯೇ.

"ಇನ್ಮೇಲೆ ತಪ್ಪು ಕಂಡ್ರೆ ಮುಖಕ್ಕೆ ಹೇಳಬೇಕು. ನನಗೆ ಎಷ್ಟೇ ಸಿಟ್ಟು ಬರಲಿ."

"ಹೇಳ್ತೀನಿ."

"ಸತ್ಯವಾಗ್ಲೂ?"

ಅವನು ಕತ್ತು ಚಾಚಿ ಅವಳ ಕೈಯಲ್ಲಿದ್ದ ಪಟ್ಟಿಯನ್ನು ನೋಡಿದ. "ಎಡಗಡೆ, ಮೇಲಿಂದ ಏಳನೇ ಸಾಲು. ಒಂದು ಮಣಿ ಬಿಟ್ಟುಹೋಗಿದೆ."

ಅವಳು ನೋಡಿದಳು. ಬಿಟ್ಟುಹೋಗಿತ್ತು. ಒಂದೂವರೆ ತಾಸಿನ ಕೆಲಸ ಬಿಚ್ಚಬೇಕು!

"ಈಗಲೇ ಹೇಳಬೇಕಿತ್ತಾ?" ಎಂದು ಅವಳು ಕಿರುಚಿದ್ದಕ್ಕೆ ಕೆಳಗಿನಿಂದ ಅಕ್ಕ "ಏನಾಯ್ತೇ?" ಎಂದು ಕೂಗಿದಳು. ಅವನು ನಗು ತಡೆಯಲಾಗದೆ ಮುಖ ತಿರುಗಿಸಿಕೊಂಡ. ಬಿಚ್ಚುತ್ತ ಬಿಚ್ಚುತ್ತ ಅವಳಿಗೂ ನಗು ಬಂತು, ಸಿಟ್ಟಿನ ಜೊತೆಗೇ.

ಸಂಜೆಯ ಹೊತ್ತಿಗೆ ಏಳನೇ ಸಾಲು ದಾಟಿ, ಬಿಚ್ಚಲು ಶುರು ಮಾಡಿದ್ದ ಜಾಗಕ್ಕೇ ಮತ್ತೆ ಬಂದಿದ್ದರು. ಅವಳು ದಾರದ ತುದಿಯನ್ನು ತುಟಿಯಲ್ಲಿ ಕಚ್ಚಿ ಹಿಡಿದಿದ್ದಳು.

"ಇನ್ನೊಂದು ವಿಷಯ ಮುಖಕ್ಕೆ ಹೇಳೋದಿದೆ," ಎಂದ ಅವನು. "ಅದು ತಪ್ಪೋ ಸರಿಯೋ ನೀವೇ ಹೇಳಬೇಕು. ನನಗೆ ನೀವು ಇಷ್ಟ. ಅಂಗಡಿ ಬಾಗಿಲು ತೆಗೆದರೆ ನಿಮ್ಮ ದಾರಿ ನೋಡ್ತೀನಿ, ಮುಚ್ಚಿದರೆ ನಿಮ್ಮ ಬೈಗುಳ ನೆನೆಸ್ಕೋತೀನಿ. ನನ್ನ ಜೊತೆ ಇರ್ತೀರಾ?"

ಬಾಯಲ್ಲಿ ದಾರ. ಮಾತಾಡಿದರೆ ಗಂಟು ಸಡಿಲುತ್ತದೆ. ಅವಳು ಗಂಟು ಬಿಗಿದಳು, ಕತ್ತರಿಸಿದಳು, ಸೂಜಿಯನ್ನು ಮೇಜಿನ ಮೇಲಿನ ಪುಟ್ಟ ಸೂಜಿದಿಂಬಿಗೆ ಚುಚ್ಚಿದಳು. ಅಷ್ಟರಲ್ಲಿ ಅವನ ಮುಖ ಬಿಳುಚಿಕೊಂಡಿತ್ತು.

"ಕಣ್ಣಿನ ವಿಷಯ ಹೇಳೋಕೆ ಆರು ತಿಂಗಳು ತಗೊಂಡ್ರಿ. ಇದಕ್ಕೆ ಎಷ್ಟು?"

"ನಾಲ್ಕು ವರ್ಷ."

"ನಾಲ್ಕು ವರ್ಷ!" ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ನಾಲ್ಕು ವರ್ಷ ನಾನು ಆ ಬಾಗಿಲಲ್ಲಿ ಬಂದು ನಿಂತು, ನೀವು ಏನಾದ್ರೂ ಕೇಳ್ತೀರೇನೋ ಅಂತ... ನೀವು ಐದು ಗ್ರಾಂ ಮಣಿ ತೂಗ್ತಾ ಕೂತಿದ್ರಿ! ಏನು ಮನುಷ್ಯರೋ! ನನಗೆ ಒಪ್ಪಿಗೆ. ಆದರೆ ಈ ನಾಲ್ಕು ವರ್ಷದ ಸಿಟ್ಟು ಇವತ್ತೇ ಇಳಿಯುತ್ತೆ ಅಂದ್ಕೋಬೇಡಿ."

ಅವನು ಅಂದುಕೊಳ್ಳಲಿಲ್ಲ. ಮೆಲ್ಲಗೆ ಕೈ ಚಾಚಿ, ಸೂಜಿ ಚುಚ್ಚಿ ಚುಚ್ಚಿ ಒರಟಾಗಿದ್ದ ಅವಳ ಬೆರಳುಗಳನ್ನು ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ. ಮಣಿ ಹೆಣೆಯುವುದಕ್ಕೆ ಎರಡು ಕೈ ಬೇಕು. ಅವಳ ಒಂದು ಕೈ ಅವನ ಹತ್ತಿರ ಇತ್ತು.

ಕೊರಳಪಟ್ಟಿ ಹಾಡುಗಾರ್ತಿಗೆ ಶನಿವಾರವೇ ತಲುಪಿತು. ಒಂದು ಸಾಲೂ ಸೊಟ್ಟಗಿರಲಿಲ್ಲ. ಹೇಳಿದ ಹೊತ್ತಿಗಿಂತ ಒಂದು ತಾಸು ತಡವಾಗಿತ್ತು, ಅಷ್ಟೇ.