ಆಡಿನ ಕೊರಳಲ್ಲಿ ಹಸಿರು ಸೊನ್ನೆ

“ಕಾಣಸ್ತೇನು?”

“ಇಲ್ಲ ಕಾಕಾ. ಬರೇ ಗಾಜ್ ಕಾಣಸ್ತೈತಿ.”

“ನೀ ಗಿಡ್ಡ ಅದೀಯಲ್ಲಬೇ, ಹೆಂಗ ಕಾಣಬೇಕು? ತಡಿ.”

ದಾನೀಶ್ ಕಾಕಾ ಮನೆಯೊಳಗೆ ಹೋಗಿ ಪಡಸಾಲೆಯ ಹಳೆಯ ಜಮಖಾನೆಯನ್ನು ತಂದ. ಅದನ್ನು ನಾಲ್ಕು ಮಡಿಕೆ ಮಾಡಿ ಕಾರಿನ ಡ್ರೈವರ್ ಸೀಟಿನ ಮೇಲಿಟ್ಟು, ಖುಷ್ಬೂಳನ್ನು ಮತ್ತೆ ಕೂರಿಸಿದ.

ಖುಷ್ಬೂ ಗಾಜಿನತ್ತ ಕುತ್ತಿಗೆ ಚಾಚಿದಳು.

ಗಾಜಿನ ಆಚೆಗೆ, ನವಲಗುಂದದ ಅವರ ಓಣಿಯ ನಟ್ಟನಡುವೆ, ಒಂದು ಹಸಿರು ಸೊನ್ನೆ ಗಾಳಿಯಲ್ಲಿ ತೇಲುತ್ತಿತ್ತು. ಅದಕ್ಕೆ ದಾರವಿಲ್ಲ, ಗೂಟವಿಲ್ಲ, ಆತುಕೊಳ್ಳಲು ಗೋಡೆಯಿಲ್ಲ. ಎದುರುಮನೆಯ ಹಸನಬಿಯ ಆಡು ನಡೆದು ಬಂದು ಸರಿಯಾಗಿ ಅದರ ಹಿಂದೆ ನಿಂತಿತು. ಸೊನ್ನೆಯು ಆಡಿನ ಕೊರಳಿಗೆ ಹಾಕಿದ ಹಾರದಂತಾಯಿತು. ಆಡಿಗೆ ಅದರ ಪರಿವೆಯೇ ಇಲ್ಲ. ಅದು ತನ್ನ ಪಾಡಿಗೆ ರಟ್ಟಿನ ಚೂರೊಂದನ್ನು ಮೆಲ್ಲುತ್ತಿತ್ತು.

“ಕಾಕಾ, ಆಡಿನ ಕೊಳ್ಳಾಗ ಸೊನ್ನಿ ಐತಿ,” ಎಂದಳು ಖುಷ್ಬೂ ಪಿಸುದನಿಯಲ್ಲಿ.

“ಗಾಡಿ ನಿಂತೈತಲ್ಲ, ಅದಕ್ಕ ಸೊನ್ನಿ. ಓಡಾಕತ್ತಿದ್ರ ನಲವತ್ತು, ಅರವತ್ತು ಅಂತ ಬರತೈತಿ. ಹೆಡ್‌-ಅಪ್ ಡಿಸ್‌ಪ್ಲೇ ಅಂತಾರ. ಸ್ಪೀಡ್ ನೋಡಾಕ ತಲಿ ತಗ್ಗಸೂದ ಬ್ಯಾಡ. ಕಣ್ಣು ರಸ್ತಾದ ಮ್ಯಾಲೇ ಇರತಾವ.”

ಕಾರು ಕಾಕಾನದಲ್ಲ, ಹುಬ್ಬಳ್ಳಿಯ ಗೌರೀಶ ಸಾಹೇಬರದು. ಅವರಲ್ಲಿ ಡ್ರೈವರ್ ಆಗಿ ಸೇರಿ ಅವನಿಗೆ ಇನ್ನೂ ಹದಿನೈದು ದಿನ. ಸಾಹೇಬರು ಒಂದು ಮೀಟಿಂಗಿಗೆಂದು ಊರಿಗೆ ಬಂದಿದ್ದರು. ‘ಮನಿಗೆ ಹೋಗಿ, ನಾಲ್ಕಕ್ಕ ಬಾ’ ಎಂದು ಕಾಕಾನನ್ನು ಕಳಿಸಿದ್ದರು.

ಕಾಕಾ ಬಾಗಿಲ ಬಳಿ ನಿಂತು ಹಸನಬಿಯೊಡನೆ ಮಾತಿಗೆ ತೊಡಗಿದ. ಖುಷ್ಬೂ ಮೆಲ್ಲನೆ ಮುಂದಕ್ಕೆ ಬಾಗಿ ಕೈ ಚಾಚಿದಳು. ಒಂದೇ ಒಂದು ಸಲ ಸೊನ್ನೆಯನ್ನು ಮುಟ್ಟಬೇಕು. ಬೆರಳು ಗಾಜಿಗೆ ತಾಗಿ ನಿಂತಿತು. ಸೊನ್ನೆ ಇನ್ನೂ ಆಚೆಗೇ ಇತ್ತು. ಆಗಷ್ಟೇ ತಿಂದ ಮಿರ್ಚಿ ಭಜಿಯ ಎಣ್ಣೆ ಗಾಜಿನ ಮೇಲೆ ದುಂಡನೆಯ ಜಿಡ್ಡಿನ ಗುರುತು ಮೂಡಿಸಿತು.

“ಸರೀರಿ, ಹಾದಿ ಬಿಡ್ರಿ,” ಎನ್ನುತ್ತ ಕಾಕಾನ ತಾಯಿ ಜಮಾಲಬಿ ದಾದಿ ಹೊರಗೆ ಬಂದಳು. ಖುಷ್ಬೂ ಬೆದರಿ ಕೆಳಗಿಳಿದಳು.

ದಾದಿಯ ಎರಡೂ ಕೈಗಳ ಮೇಲೆ ಹೊಸದೊಂದು ಜಮಖಾನೆ, ಉದ್ದನೆಯದು, ಮಲಗಿತ್ತು. ಎರೆಹೊಲದ ಧೂಳು ಗಾಡಿಯ ಡ್ಯಾಶ್‌ಬೋರ್ಡಿನ ಮೇಲೆ ಕೂರಬಾರದೆಂದು ಕಾಕಾನೇ ಫೋನಿನಲ್ಲಿ ಅಳತೆ ಹೇಳಿದ್ದ. ಮಗನ ಹೊಸ ಕೆಲಸ ಚೆನ್ನಾಗಿ ನಡೆಯಲೆಂದು ದಾದಿ ಎಂಟು ದಿನ ಮಗ್ಗದ ಮುಂದೆ ಕುಳಿತಿದ್ದಳು. ಎದುರುಬದುರು ನಿಂತ ಎರಡು ನವಿಲು; ಗರಿಗೊಂದು ಬಣ್ಣ. ಅದನ್ನು ಡ್ಯಾಶ್‌ಬೋರ್ಡಿನ ಆ ತುದಿಯಿಂದ ಈ ತುದಿಯವರೆಗೆ ಹಾಸಿ, ಸುಕ್ಕು ತೀಡಿದಳು.

“ಗಾಡಿಗೆ ಮದಲಗಿತ್ತಿ ಕಳೆ ಬಂತು ನೋಡ್ರಿ,” ಎಂದಳು ಹಸನಬಿ. ದಾದಿ ಸೆರಗು ಸರಿಮಾಡಿಕೊಂಡು ನಕ್ಕಳು.

ಕಾಕಾ ಸೀಟಿಗೆ ಹತ್ತಿದ. ಅವನ ನಗು ಅರ್ಧಕ್ಕೇ ನಿಂತಿತು.

ಸೊನ್ನೆ ಇರಲಿಲ್ಲ.

ಅವನು ಗಾಡಿಯನ್ನು ಬಂದ್ ಮಾಡಿ ಮತ್ತೆ ಚಾಲೂ ಮಾಡಿದ. ಒಂದು ಗುಂಡಿ ಒತ್ತಿದ, ಇನ್ನೊಂದು ಒತ್ತಿದ. “ಈಗರ ಇತ್ತಲ್ಲ,” ಎಂದು ತನ್ನಷ್ಟಕ್ಕೆ ಅಂದುಕೊಂಡ. “ಇದೊಂದು ನೋಡೇ ಸಾಹೇಬ್ರು ಈ ಗಾಡಿ ತಗೊಂಡಾರ. ಬಾಗ್ಲಕ್ಕ ಗೀರು ಬಿತ್ತಂತ ಹಿಂದಿನ ಡ್ರೈವರನ್ನ ಮನಿಗೆ ಕಳಿಸ್ಯಾರ. ನಾ ಏನ್ ಹೇಳ್ಲಿ?”

ಗಂಟೆ ಮೂರೂವರೆಯಾಗಿತ್ತು.

ಖುಷ್ಬೂ ಎಣ್ಣೆಯ ಬೆರಳನ್ನು ಅಂಗಿಗೆ ಒರೆಸಿಕೊಂಡಳು. ಪಾಟಿಯ ಮೇಲಿನ ಅಕ್ಷರ ಕೈ ತಾಗಿ ಅಳಿಯುವುದಿಲ್ಲವೆ? ಹಾಗೆಯೇ ತಾನು ಸೊನ್ನೆಯನ್ನು ಅಳಿಸಿಬಿಟ್ಟೆ ಎಂದುಕೊಂಡಳು. ಸುಮ್ಮನಿದ್ದರೆ ಯಾರಿಗೂ ತಿಳಿಯದು. ಆದರೆ ಕಾಕಾನ ಮುಖ ನೋಡಲಾಗಲಿಲ್ಲ.

“ಕಾಕಾ, ನಾ ಅದನ್ನ ಮುಟ್ಟಾಕ ಹೋಗಿದ್ದೆ. ಮಿರ್ಚಿ ಕೈಲೇ.”

ಕಾಕಾ ಅವಳನ್ನೊಮ್ಮೆ, ಗಾಜನ್ನೊಮ್ಮೆ ನೋಡಿದ. ಬೈಯಲಿಲ್ಲ. ಅರಿವೆಯಿಂದ ಗಾಜನ್ನು ತಿಕ್ಕಿ ತಿಕ್ಕಿ ಒರೆಸಿದ. ಗಾಜು ಫಳಫಳ ಹೊಳೆಯಿತು. ಸೊನ್ನೆ ಮಾತ್ರ ಬರಲಿಲ್ಲ. ಫೋನ್ ಹಚ್ಚಿ ಯಾರನ್ನಾದರೂ ಕೇಳೋಣವೆಂದು ಅವನು ಕೆಳಗಿಳಿದ.

ಖುಷ್ಬೂ ಮತ್ತೆ ಸೀಟಿಗೆ ಹತ್ತಿ ಕುಳಿತಳು. ನವಿಲುಗಳನ್ನೇ ನೋಡುತ್ತಿದ್ದವಳಿಗೆ ಜಮಖಾನೆಯ ಅಂಚಿನಡಿಯಲ್ಲಿ ಏನೋ ಮಿಣುಕಿದಂತಾಯಿತು. ದೀಪಾವಳಿ ಸೂಟಿಯಲ್ಲಿ ಹುಬ್ಬಳ್ಳಿ ಬಸ್ಸಿನಲ್ಲಿ ಬಂದ ಸಂಜೆ ನೆನಪಾಯಿತು. ಕಿಟಕಿಯಾಚೆ, ಕಪ್ಪು ಜೋಳದ ಹೊಲದಲ್ಲಿ, ಒಂದು ದೀಪ ಬಸ್ಸಿನ ಜೊತೆಗೇ ಓಡುತ್ತಿತ್ತು. ಆ ದೀಪ ಇದ್ದದ್ದು ಬಸ್ಸಿನ ಒಳಗೆ, ಕಂಡದ್ದು ಹೊಲದಲ್ಲಿ.

ಅವಳು ಜಮಖಾನೆಯ ಅಂಚನ್ನು ಒಂದು ಬೆರಳಿನಷ್ಟು ಎತ್ತಿದಳು. ಅದರ ಕೆಳಗೊಂದು ಕುಳಿ, ಕುಳಿಯ ಮೇಲೆ ಕಪ್ಪು ಗಾಜು, ಅದರೊಳಗೆ ಬೆಳಕು. ಓಣಿಯ ನಡುವೆ ಅರ್ಧ ಸೊನ್ನೆ ಬಿದಿಗೆಯ ಚಂದ್ರನಂತೆ ಮೂಡಿತು. ಅಂಚನ್ನು ಬಿಟ್ಟಳು, ಮುಳುಗಿತು.

ಕೂಗಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ದಾದಿಯ ದನಿ ಕೇಳಿಸಿತು: “ಆ ಎಡಗಡೆ ಗರಿ ಐತಲ್ಲ ಹಸನಬಿ, ಎರಡ ಸಲ ಬಿಚ್ಚಿ ನೇಯ್ದೀನಿ.”

ಖುಷ್ಬೂ ಬಾಯಿ ಮುಚ್ಚಿದಳು. ಕೆಳಗಿಳಿದು ಹೋಗಿ ದಾದಿಯ ಕೈ ಹಿಡಿದಳು.

“ದಾದಿ, ಬಾ. ಒಮ್ಮೆ ನೀ ಕುಂದ್ರು ಇಲ್ಲಿ.”

“ಈ ವಯಸ್ಸಿನ್ಯಾಗ ಗಾಡಿ ಹೊಡೀಲೇನ ನಾ?” ಎನ್ನುತ್ತಲೇ ದಾದಿ ಮೊಣಕಾಲು ಹಿಡಿದುಕೊಂಡು ಹತ್ತಿದಳು. ಖುಷ್ಬೂ ಅವಳ ಕೈಯನ್ನು ಜಮಖಾನೆಯ ಅಂಚಿನ ಮೇಲಿಟ್ಟು, ಕಿವಿಯಲ್ಲಿ, “ಇದನ್ನ ನೀನ ಎತ್ತು,” ಎಂದಳು.

ದಾದಿ ಎತ್ತಿದಳು. ಸೊನ್ನೆ ಎದ್ದಿತು. ಇಳಿಸಿದಳು, ಆರಿತು. ಮತ್ತೆ ಎತ್ತಿ, ಹಾಗೆಯೇ ಹಿಡಿದು ಕುಳಿತಳು. ಆಡು ಇನ್ನೂ ಅಲ್ಲಿಯೇ ಇತ್ತು, ಕೊರಳಲ್ಲಿ ಹಸಿರು ಹಾರ.

“ಯಾ ಅಲ್ಲಾ,” ಎಂದಳು. “ನೂಲಿಲ್ಲ, ಮಗ್ಗಿಲ್ಲ. ಗಾಳ್ಯಾಗ ನೇಯ್ದಾರಲ್ಲಬೇ.” ಆಮೇಲೆ ನಕ್ಕಳು. “ನಾ ಹೋಗಿ ಬೆಳಕಿನ ಬಾಯಿಗೇ ಬಟ್ಟಿ ಹಾಕೀನಿ.”

ತಾನೇ ಜಮಖಾನೆಯನ್ನು ಮಡಚಿದಳು. ಓಡಿ ಬಂದ ಕಾಕಾ ದಾದಿಯ ತಲೆಯ ಪಕ್ಕಕ್ಕೇ ಬಾಗಿ ಸೊನ್ನೆಯನ್ನು ಕಂಡು, “ಅಮ್ಮಾ, ಅದು…” ಎಂದು ತಡವರಿಸಿದ.

“ಸುಮ್ನಿರು. ಉದ್ದಗಲ ಹೇಳಿದಿ, ಕಣ್ಣ ಎಲ್ಲೈತಿ ಅಂತ ಹೇಳಲಿಲ್ಲ.” ದಾದಿ ನೂಲಿನ ಎಳೆಯೊಂದನ್ನು ತರಿಸಿ, ಕುಳಿಯ ಉದ್ದಗಲ ಹಿಡಿದು ಗಂಟು ಹಾಕಿಕೊಂಡಳು. “ಮುಂದಿನ ಶುಕ್ರವಾರ ಬಾ.”

ಕಾರು ಓಣಿಯಿಂದ ಹೊರಟಿತು. ಹಿಂದಿನಿಂದ ಅಂಕಿ ಕಾಣುವುದಿಲ್ಲ. ಆದರೂ ಖುಷ್ಬೂ ತಿರುವಿನವರೆಗೆ ಎಣಿಸುತ್ತಿದ್ದಳು: “ಐದು… ಹತ್ತು… ಹದಿನೈದು…”

ಬುಧವಾರ ಶಾಲೆಯಿಂದ ಬಂದಾಗ ಎತ್ತರದ ಮಗ್ಗದ ಮೇಲೆ ಮತ್ತೆ ಎರಡು ನವಿಲುಗಳು ನಿಂತಿದ್ದವು. ಅವುಗಳ ನಡುವೆ ದಾದಿ ಗೇಣುದ್ದದ ಕಿಂಡಿ ಬಿಟ್ಟಿದ್ದಳು.

“ಇದೇನ್ರಿ ಜಮಾಲಬಿ, ನೂಲ್ ಕಡಿಮಿ ಬಿತ್ತೇನು?” ಎಂದು ಹಸನಬಿ ಬಾಗಿಲಿನಿಂದ ಇಣುಕಿದಳು.

“ಇಲ್ಲ. ಬಿಟ್ಟೀನಿ,” ಎಂದಳು ದಾದಿ.

ಖುಷ್ಬೂ ಮಗ್ಗದ ಆಚೆಬದಿಗೆ ಹೋಗಿ ಕಿಂಡಿಗೆ ಕಣ್ಣಿಟ್ಟಳು. ಬರಿಯ ಎಳೆಗಳ ಹಿಂದೆ ದಾದಿಯ ಕನ್ನಡಕ. ಅದರ ಗಾಜಿನಲ್ಲಿ ಎರಡು ಪುಟ್ಟ ನವಿಲುಗಳು, ದಾರವಿಲ್ಲದೆ, ಗೂಟವಿಲ್ಲದೆ, ತೇಲುತ್ತಿದ್ದವು.

ಈ ಸಲ ಅವಳು ಮುಟ್ಟಲು ಹೋಗಲಿಲ್ಲ. ನೋಡುತ್ತ ನಿಂತಳು.