ಮೆಂತ್ಯದ ಡಬ್ಬಿಯ ಗುಳಿಗೆ

“ಇದು ನಮ್ಮಪ್ಪನ ಗುಳಗಿ! ಮೆಂತ್ಯದ ಡಬ್ಬ್ಯಾಗ ಯಾಕ ಬಚ್ಚಿಟ್ಟೀ?”

ಗಂಡ ಮಾಂತೇಶನ ಕೈಯಲ್ಲಿದ್ದ ಗುಳಿಗೆಯ ಪಟ್ಟಿ ಕಂಡು ಶೋಭಾರಾಣಿ ಒಲೆಯ ಮುಂದಿನಿಂದ ಎದ್ದು ನಿಂತಳು. ಮೂರು ತಿಂಗಳು ತುಂಬಿದ್ದ ಹೊಟ್ಟೆಯ ಮೇಲೆ ಕೈ ತಾನಾಗಿಯೇ ಹೋಯಿತು.

“ಮಾವಾರವು ಅಲ್ರಿ... ಡಾಕ್ಟರಮ್ಮ ನನಗ ಕೊಟ್ಟಾರ. ಕೂಸು ಛಲೋ ಬೆಳೀಲಿ ಅಂತ.”

“ಹಾರ್ಟಿನ ಗುಳಗಿ ಬಸುರಿಗೆ ಯಾರ ಕೊಡ್ತಾರ?! ಅಪ್ಪಗ ಕುಡಗೋಲು ತಾಗಿದಾಗ ರಕ್ತ ನಿಲ್ಲಲೇ ಇಲ್ಲ, ನಾನ ಅರಿವಿ ಕಟ್ಟೀನಿ. ರಕ್ತ ತೆಳ್ಳಗ ಮಾಡೂ ಗುಳಗಿ ಇದು! ‘ನನಗ ಇನ್ನೊಂದು ಬಸುರು ಬ್ಯಾಡ’ ಅಂದಾಕಿ ನೀನ ಅಲ್ಲೇನು? ಈ ಕೂಸನ್ನ ಕಳಕೊಳ್ಳಾಕ ಹೊಂಟೀಯೇನು?”

ಹೌದು, ಅಂದಿದ್ದಳು. ಮೊದಲ ಹೆಣ್ಣುಕೂಸು ಹೊಟ್ಟೆಯೊಳಗೆ ಸರಿಯಾಗಿ ಬೆಳೆಯದೆ, ಹುಟ್ಟಿದ ದಿನವೇ ಕಣ್ಣು ಮುಚ್ಚಿತ್ತು. ಹಸಿ ಬಾಣಂತಿ ನೋಡಬಾರದೆಂದು ಹಿರಿಯರು ಅವಳಿಗೆ ಅದರ ಮುಖವನ್ನೂ ತೋರಿಸಿರಲಿಲ್ಲ. ಆ ಸಂಕಟದಲ್ಲಿ ಬಾಯಿಗೆ ಬಂದ ಮಾತನ್ನು ಈ ಮನುಷ್ಯ ಇಷ್ಟು ದಿನ ಜೋಪಾನವಾಗಿ ಇಟ್ಟುಕೊಂಡಿದ್ದ!

ಬಚ್ಚಿಟ್ಟದ್ದು ತಪ್ಪೇ. ಆದರೆ ಬಸುರಿಗೆ ಗುಳಿಗೆ ಉಷ್ಣವೆಂದು ಕಬ್ಬಿಣಾಂಶದ ಗುಳಿಗೆಗಳನ್ನೇ ಅತ್ತೆ ಗಟಾರಕ್ಕೆ ಎಸೆದ ಮನೆಯಲ್ಲಿ ಅವಳಿಗೆ ಬೇರೆ ದಾರಿ ಯಾವುದಿತ್ತು?

ಮಾಂತೇಶ ಪಟ್ಟಿಯನ್ನು ಉರಿಯುವ ಒಲೆಗೆ ಹಾಕಿದ.

ಶೋಭಾರಾಣಿ ಅಳಲಿಲ್ಲ. ನಾಲ್ಕು ಸೀರೆ ಚೀಲಕ್ಕೆ ತುರುಕಿ, ಗಂಗಾವತಿಯಲ್ಲಿ ಬಸ್ಸು ಹತ್ತಿ, ಕೊಪ್ಪಳದ ಪಕ್ಕದ ಭಾಗ್ಯನಗರದ ತವರಿಗೆ ಹೊರಟುಬಿಟ್ಟಳು. ಕೊಪ್ಪಳದಲ್ಲಿ ಇಳಿದವಳೇ ಔಷಧಿ ಅಂಗಡಿಯಲ್ಲಿ ಡಾಕ್ಟರ ಚೀಟಿ ತೋರಿಸಿ ಇನ್ನೊಂದು ಪಟ್ಟಿ ತೆಗೆದುಕೊಂಡಳು. ‘ಈ ಕೂಸಿಗೆ ಅಪ್ಪ ಇರಲಿ, ಬಿಡಲಿ... ಇದು ಮಾತ್ರ ತಪ್ಪಬಾರದು.’

ಮಾಂತೇಶನ ಫೋನು ಬರಲಿಲ್ಲ. ಬಂದಿದ್ದರೂ ಎತ್ತುತ್ತಿರಲಿಲ್ಲ ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡಳು.

ಭತ್ತದ ಸುಗ್ಗಿ ಮುಗಿದ ಮೇಲೆ, ಒಂದು ಸಂಜೆ ಅವನು ಬಂದು ಬಾಗಿಲಲ್ಲಿ ನಿಂತ. ತಲೆಯಲ್ಲಿ ಅವನು ದುಡಿಯುವ ರೈಸ್ ಮಿಲ್ಲಿನ ಧೂಳು ಹಾಗೇ ಇತ್ತು.

“ಡಾಕ್ಟರಮ್ಮನ ಜೋಡಿ ಜಗಳಾ ಮಾಡಾಕ ಹೋಗಿದ್ದೆ. ಕುಂದ್ರಿಸಿ ಹೇಳಿದ್ರು. ಅಪ್ಪ ತಗೊಳ್ಳೂ ಗುಳಗೀನ ಖರೇ, ಆದ್ರ ನಿಂದು ಸಣ್ಣ ಡೋಸಂತ. ಹಿಂದಿನ ಕೂಸು ಬೆಳೀಲಾರದ ತಾಯಂದ್ರಿಗೆ, ಕೂಸಿಗೆ ಊಟ ಮುಟ್ಟಿಸೂ ಮಾಸಿಗೆ ರಕ್ತ ಸರಿಯಾಗಿ ಹರೀಲಿ ಅಂತ ನಾಕು ತಿಂಗಳ ಆಗೂದ್ರೊಳಗ ಶುರು ಮಾಡ್ತಾರಂತ. ಅಂಥಾದನ್ನ ನಾ ಒಲಿಗೆ ಹಾಕೀನಿ!” ಅವನು ಅವಳ ಹೊಟ್ಟೆಯತ್ತ ನೋಡಿದ. “ಕೂಸು... ಹೆಂಗೈತಿ?”

“ಸ್ಕ್ಯಾನಿನ್ಯಾಗ ಸ್ವಲ್ಪ ಸಣ್ಣದ ಐತಂತ. ಆದ್ರ ಬೆಳೀತೈತಿ. ಮುಂದ ಹೆಂಗೋ... ಯಾರೂ ಖಾತ್ರಿ ಕೊಡೂದಿಲ್ಲ.”

ಅವನು ಕಾಲು ಹಿಡಿಯಲು ಬಗ್ಗಿದ. ಅವಳು ಹಿಂದೆ ಸರಿದಳು.

“ಕಾಲು ಬ್ಯಾಡ್ರಿ. ಒಂದು ಹೇಳ್ರಿ. ನನ್ನ ಕೂಸಿಗೆ ನಾನ ವಿಷಾ ಹಾಕ್ತೀನಂತ ನಿಮಗ ಹೆಂಗರ ಅನಿಸ್ತು?”

ಅವನು ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕುಳಿತ.

“ಅಂಜಿಕಿ, ಶೋಭಾ... ಮೊದಲಿನಾಕಿನ್ನ ಮಣ್ಣಿಗೆ ಇಟ್ಟಾಂವ ನಾನು. ಟವಲಿನ್ಯಾಗ ಸುತ್ತಿ ಎತಗೊಂಡ್ರ ಕೈಯಾಗ ಏನೂ ಇಲ್ಲದಂಗ ಇತ್ತು. ಇನ್ನೊಮ್ಮೆ ಹಂಗ ಹೊರೂದು ನನ್ನಿಂದ ಆಗೂದಿಲ್ಲ ಅಂತ ಹುಚ್ಚಾಗಿದ್ದೆ.”

ಶೋಭಾರಾಣಿ ಅವನ ಪಕ್ಕ ಹೊಸ್ತಿಲ ಮೇಲೆ ಕುಳಿತಳು.

“ನೀವು... ಮುಖಾ ನೋಡೀರೇನು?”

“ನೋಡೀನಿ.”

“ಯಾರಂಗ ಇದ್ಲು?”

“ನಿನ್ನಂಗ. ಹಣಿ ಅಂತೂ ನಿಂದ.”

“ಇಷ್ಟ ದಿನಾ ಯಾಕ ಹೇಳಲಿಲ್ಲ?!”

ಅವನ ಎದೆಗೆ ಗುದ್ದಿ ಗುದ್ದಿ ಅತ್ತಳು. ಅವನು ತಡೆಯಲಿಲ್ಲ. ಅವನೂ ಅಳುತ್ತಿದ್ದ.

“ಮನಿಗೆ ಬಾ, ಶೋಭಾ.”

“ಬರೂದಿಲ್ಲ. ಹೆರಿಗಿ ಆಗೂ ತನಕ ಇಲ್ಲೇ. ಆಮ್ಯಾಲಿಂದು ಆಮ್ಯಾಲ.”

ಅವನು ತಲೆಯಾಡಿಸಿ ಎದ್ದ. ಇನ್ನು ಏನು ಕೇಳಲೂ ಅವನಿಗೆ ಮುಖವಿರಲಿಲ್ಲ.

“ಎಲ್ಲಿಗೆ ಹೊಂಟ್ರಿ? ಉಂಡು ಹೋಗ್ರಿ. ಊಟ ಆದಮ್ಯಾಲ ನನ್ನ ಗುಳಗಿ ಐತಿ... ಇವತ್ತ ನೀವ ಕೊಡ್ರಿ.”

“ಕೊಡ್ತೀನಿ.”

“ಅಲ್ಲೀ ತನಕ ಆಕಿ ಬಗ್ಗೆ ಹೇಳ್ರಿ.” ಅವಳು ಕಣ್ಣೊರೆಸಿಕೊಂಡಳು. “ತಲಿ ಮ್ಯಾಲ ಕೂದಲಾ ಇದ್ವೇನು?”

“ಇದ್ವು, ಶೋಭಾ. ಭಾಳ ಇದ್ವು.”